ಲಿನಕ್ಸ್‌ನಲ್ಲಿ ‘ಪರ್ಮಿಷನ್ ಡಿನೈಡ್’: ಫೈಲಿನ ಮಾಲೀಕ ಯಾರೆಂದು ಮೊದಲು ನೋಡಿ

ಕಲಬುರಗಿಯ ಡಿಟಿಪಿ ಅಂಗಡಿಯಿರಲಿ, ಬೀದರ್‌ನ ಕಾಲೇಜು ಲ್ಯಾಬ್ ಇರಲಿ, ಯಾದಗಿರಿಯಲ್ಲಿ ಮನೆಮಂದಿಯೆಲ್ಲ ಬಳಸುವ ಒಂದೇ ಕಂಪ್ಯೂಟರ್ ಇರಲಿ, ಈ ದೋಷದ ದೂರು ಬರುವುದು ಮೂರು ಮಾತಿನಲ್ಲಿ. “ಫೈಲ್ ಸೇವ್ ಆಗವಲ್ದು.” “ಫೋಲ್ಡರ್ ತೆರೀವಲ್ದು.” “ಪಾಸ್‌ವರ್ಡ್ ಸರೀ ಹಾಕಿದ್ರೂ ತಿರುಗಿ ಲಾಗಿನ್ ಪರದೆಗೇ ಬರ್ತದ್ರೀ.” ಮೂರಕ್ಕೂ ಯಾರಾದರೂ ಹೇಳುವ ಮದ್ದು ಒಂದೇ: ಸಿಎಚ್‌ಮಾಡ್ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ. ಅದನ್ನು ಹೊಡೆಯಬೇಡಿ. ಹೆಚ್ಚಿನ ಸಲ ಕೆಟ್ಟಿರುವುದು ಅನುಮತಿಯಲ್ಲ, ಮಾಲೀಕತ್ವ. ಕೀಲಿ ಬೇರೆಯವರ ಕೈಯಲ್ಲಿದೆ ಎಂದು ಬಾಗಿಲನ್ನೇ ಕಿತ್ತಿಟ್ಟರೆ ರಿಪೇರಿಯಾಗುವುದಿಲ್ಲ, ಹೊಸ ದೋಷಗಳು ಹುಟ್ಟುತ್ತವೆ.

ಆಜ್ಞೆಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ (ಆಜ್ಞೆ ಹೊಡೆಯುವ ಕಿಟಕಿಯಲ್ಲಿ) ಅವನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಬೇಕು. ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದು ಹೇಳಿದೆ. ಸಿಎಚ್‌ಮಾಡ್ ಎಂದರೆ ಸಿ, ಎಚ್, ಎಂ, ಒ, ಡಿ: ಅನುಮತಿ ಬದಲಿಸುವುದು. ಸಿಎಚ್‌ಓನ್ ಎಂದರೆ ಸಿ, ಎಚ್, ಒ, ಡಬ್ಲ್ಯು, ಎನ್: ಮಾಲೀಕನನ್ನು ಬದಲಿಸುವುದು. ಉದಾಹರಣೆಗಳಲ್ಲಿ ಬಳಕೆದಾರನ ಹೆಸರು ಬಸವ. ಅಲ್ಲಿ ನಿಮ್ಮ ಲಾಗಿನ್ ಹೆಸರು ಹಾಕಿ.

ಪರದೆಯ ಮಾತು

ಫೈಲ್ ಮ್ಯಾನೇಜರ್ ನಿಜವಾದ ಕಾರಣವನ್ನು ಅನೇಕ ಸಲ ಮುಚ್ಚಿಡುತ್ತದೆ. ಆದ್ದರಿಂದ ತೊಂದರೆ ಕೊಡುತ್ತಿರುವ ಫೋಲ್ಡರ್‌ಗೆ ಟರ್ಮಿನಲ್‌ನಲ್ಲಿ ಹೋಗಿ ‘ಟಚ್ ಟೆಸ್ಟ್’ ಎಂದು ಹೊಡೆದು ಒಂದು ಖಾಲಿ ಫೈಲ್ ಮಾಡಲು ನೋಡಿ. ಬರುವ ಉತ್ತರವೇ ಮುಂದಿನ ದಾರಿ ತೋರಿಸುತ್ತದೆ.

‘ಪರ್ಮಿಷನ್ ಡಿನೈಡ್’ ಬಂದರೆ ಮಾಲೀಕತ್ವ ಇಲ್ಲವೇ ಅನುಮತಿಯ ಸಮಸ್ಯೆ. ಅದು ಆ ಫೋಲ್ಡರ್‌ನಲ್ಲಿರಬಹುದು, ಅಲ್ಲಿಗೆ ಹೋಗುವ ದಾರಿಯಲ್ಲೂ ಇರಬಹುದು. ‘ಆಪರೇಷನ್ ನಾಟ್ ಪರ್ಮಿಟೆಡ್’ ಬಂದರೆ ಮಾಲೀಕ ಅಥವಾ ರೂಟ್ (ಎಲ್ಲ ಅಧಿಕಾರವಿರುವ ಆಡಳಿತ ಖಾತೆ) ಮಾತ್ರ ಮಾಡಬಹುದಾದ ಕೆಲಸಕ್ಕೆ ನೀವು ಕೈ ಹಾಕಿದ್ದೀರಿ, ಇಲ್ಲವೇ ಆ ಡಿಸ್ಕಿಗೆ ಮಾಲೀಕತ್ವ ಬರೆದಿಡುವ ಶಕ್ತಿಯೇ ಇಲ್ಲ. ರೂಟ್ ಆಗಿದ್ದರೂ ಇದೇ ಮಾತು ಬಂದರೆ ‘ಎಲ್‌ಎಸ್‌ಅಟ್ರ್’ ಓಡಿಸಿ. ಫೈಲಿಗೆ ಐ ಗುರುತು ಇದ್ದರೆ ಅದು ಬದಲಾಗದಂತೆ ಬೀಗ ಹಾಕಿದ ಫೈಲ್. ‘ಸುಡೊ ಸಿಎಚ್‌ಅಟ್ರ್ -ಐ’ ಎಂದು ಬೀಗ ತೆಗೆಯದೆ ಅದು ಅಳಿಯದು. ಸುಡೊ ಎಂದರೆ ಅದರ ಮುಂದಿನ ಆಜ್ಞೆಯನ್ನು ರೂಟ್ ಅಧಿಕಾರದಲ್ಲಿ ಓಡಿಸುವುದು.

‘ರೀಡ್-ಓನ್ಲಿ ಫೈಲ್ ಸಿಸ್ಟಂ’ ಬಂದರೆ ಅನುಮತಿಯ ಗೊಡವೆಗೆ ಹೋಗಬೇಡಿ. ಇಡೀ ಡಿಸ್ಕೇ ಓದಲಿಕ್ಕೆ ಮಾತ್ರ ತೆರೆದಿದೆ, ಅದರ ಉಪಾಯ ಬೇರೆ. ‘ನೋ ಸ್ಪೇಸ್ ಲೆಫ್ಟ್’ ಬಂದರೆ ‘ಡಿಎಫ್ -ಎಚ್’ ಮತ್ತು ‘ಡಿಎಫ್ -ಐ’ ಎರಡನ್ನೂ ನೋಡಿ. ಜಾಗ ಉಳಿದಿದ್ದರೂ ಐನೋಡ್ (ಡಿಸ್ಕಿನಲ್ಲಿ ಪ್ರತಿ ಫೈಲಿಗೂ ಬೇಕಾದ ದಾಖಲೆ ಸಂಖ್ಯೆ) ಮುಗಿದಿರಬಹುದು.

ಅನುಮತಿಯನ್ನು ಓದುವ ಬಗೆ

‘ಎಲ್‌ಎಸ್ -ಎಲ್’ ಹೊಡೆದಾಗ ಹೀಗೊಂದು ಸಾಲು ಬಂತೆನ್ನಿ:

-ಆರ್‌ಡಬ್ಲ್ಯು-ಆರ್--ಆರ್-- 1 ರೂಟ್ ರೂಟ್ 48210 ಲಗ್ನಪತ್ರಿಕೆ.ಒಡಿಟಿ

ಮೊದಲ ಅಕ್ಷರ ಬಗೆ ಹೇಳುತ್ತದೆ: ಗೀಟಿದ್ದರೆ ಫೈಲ್, ಡಿ ಇದ್ದರೆ ಫೋಲ್ಡರ್. ಮುಂದಿನ ಒಂಬತ್ತು ಸ್ಥಾನಗಳಲ್ಲಿ ಮೂರು ಮಾಲೀಕನಿಗೆ, ಮೂರು ಗುಂಪಿಗೆ, ಮೂರು ಉಳಿದವರಿಗೆ. ಆರ್ ಓದಲು, ಅದರ ಬೆಲೆ 4. ಡಬ್ಲ್ಯು ಬರೆಯಲು, 2. ಎಕ್ಸ್ ಓಡಿಸಲು, 1. ಮೇಲಿನ ಸಾಲನ್ನು ಅಂಕಿಯಲ್ಲಿ ಬರೆದರೆ 644. ಅನುಮತಿಯಲ್ಲಿ ಏನೂ ಕೆಟ್ಟಿಲ್ಲ, ಮಾಲೀಕ ಮಾತ್ರ ರೂಟ್. ಹಾಗಾಗಿ ಬಸವ ಪತ್ರಿಕೆಯನ್ನು ತೆರೆದು ಓದಬಲ್ಲ, ತಿದ್ದಿ ಸೇವ್ ಮಾಡಲಾರ. ಇಲ್ಲಿ 777 ಹಾಕಿದರೆ ಕೆಲಸ ನಡೆದಂತೆ ಕಾಣುತ್ತದೆ, ಫೈಲ್ ಮಾತ್ರ ರೂಟ್‌ನದಾಗಿಯೇ ಉಳಿಯುತ್ತದೆ.

ಕರ್ನಲ್ (ಲಿನಕ್ಸ್‌ನ ತಿರುಳು) ಅನುಮತಿ ನೋಡುವ ಕ್ರಮ ಅನೇಕರಿಗೆ ಗೊತ್ತಿರುವುದಿಲ್ಲ. ಮೊದಲು ನೀವು ಮಾಲೀಕರೇ ಎಂದು ನೋಡುತ್ತದೆ. ಹೌದಾದರೆ ಮಾಲೀಕನ ಮೂರು ಅಕ್ಷರವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಗುಂಪಿಗೆ ಎಷ್ಟು ಸಡಿಲ ಕೊಟ್ಟಿದ್ದರೂ ಅತ್ತ ತಿರುಗುವುದಿಲ್ಲ. ಮಾಲೀಕನಲ್ಲದಿದ್ದರೆ ಗುಂಪು, ಅದೂ ಅಲ್ಲದಿದ್ದರೆ ಉಳಿದವರು. ಹೀಗಾಗಿ ಎಲ್ಲರಿಗೂ ತೆರೆಯುವ ಫೈಲ್ ಅದರ ಮಾಲೀಕನಿಗೇ ತೆರೆಯದಿರುವುದು ಸಾಧ್ಯ.

ಫೋಲ್ಡರ್‌ನಲ್ಲಿ ಇವೇ ಅಕ್ಷರಗಳ ಅರ್ಥ ಬೇರೆ. ಆರ್ ಒಳಗಿನ ಹೆಸರುಗಳನ್ನು ನೋಡಲು, ಎಕ್ಸ್ ಒಳಗೆ ಕಾಲಿಡಲು, ಡಬ್ಲ್ಯು ಹೊಸದನ್ನು ಮಾಡಲು ಮತ್ತು ಇದ್ದುದನ್ನು ಅಳಿಸಲು. ಆರ್ ಇದ್ದು ಎಕ್ಸ್ ಇಲ್ಲದಿದ್ದರೆ ಹೆಸರುಗಳು ಕಾಣುತ್ತವೆ, ಒಂದೂ ತೆರೆಯುವುದಿಲ್ಲ. ಫೈಲ್ ಅಳಿಸುವ ಹಕ್ಕು ಫೈಲಿನ ಅನುಮತಿಯಲ್ಲಿಲ್ಲ, ಅದು ಇರುವ ಫೋಲ್ಡರ್‌ನ ಡಬ್ಲ್ಯುವಿನಲ್ಲಿದೆ. 444 ಹಾಕಿ ಭದ್ರ ಮಾಡಿದೆವೆಂದುಕೊಂಡ ಫೈಲನ್ನು ಇನ್ನೊಬ್ಬರು ಅಳಿಸಿಬಿಟ್ಟರೆ ಕಾರಣ ಅದೇ.

ಫೈಲೂ ಸರಿಯಿದೆ, ಫೋಲ್ಡರೂ ಸರಿಯಿದೆ, ಆದರೂ ತೆರೆಯದು ಎಂದಾದರೆ ದಾರಿಯನ್ನು ಪರೀಕ್ಷಿಸಬೇಕು:

ನೇಮ್‌ಐ -ಎಲ್ /ಹೋಮ್/ಬಸವ/ಕೆಲಸ/ಲಗ್ನಪತ್ರಿಕೆ.ಒಡಿಟಿ

ಮೂಲದ ಓರೆಗೆರೆಯಿಂದ ಹಿಡಿದು ಪ್ರತಿ ಮೆಟ್ಟಿಲಿನ ಮಾಲೀಕ, ಗುಂಪು, ಅನುಮತಿ ಒಂದರ ಕೆಳಗೊಂದು ಬರುತ್ತದೆ. ಯಾವ ಮೆಟ್ಟಿಲಿನಲ್ಲಿ ನಿಮಗೆ ಎಕ್ಸ್ ಇಲ್ಲವೋ ದಾರಿ ಅಲ್ಲೇ ಕಟ್ಟಿದೆ. ಉಬುಂಟು 21.04ರಿಂದ ಹೊಸ ಬಳಕೆದಾರರ ಹೋಮ್ ಫೋಲ್ಡರ್ 750 ಅನುಮತಿಯಲ್ಲೇ ಹುಟ್ಟುತ್ತದೆ, ಹಿಂದೆ 755 ಇತ್ತು. ಹಳೆಯ ಕಂಪ್ಯೂಟರ್‌ನಲ್ಲಿ ಅಣ್ಣನ ಫೋಲ್ಡರ್‌ನಿಂದ ತಂಗಿ ಫೋಟೊ ನೋಡುತ್ತಿದ್ದಳು, ಹೊಸದರಲ್ಲಿ ಆಗುತ್ತಿಲ್ಲ ಎಂದರೆ ಅದು ದೋಷವಲ್ಲ. ಹೋಮ್ ಫೋಲ್ಡರ್ ಸಡಿಲ ಮಾಡಬೇಡಿ, ಮುಂದೆ ಹೇಳುವ ಹಂಚಿಕೆ ಫೋಲ್ಡರ್ ಮಾಡಿ.

ಹೆಸರಿನ ಜಾಗದಲ್ಲಿ ಅಂಕಿ ಕಂಡರೆ

ಫೈಲಿನ ಮೇಲೆ ಬರೆದಿರುವುದು ‘ಬಸವ’ ಎಂಬ ಹೆಸರಲ್ಲ, ಒಂದು ಅಂಕಿ. ಉಬುಂಟು, ಡೆಬಿಯನ್, ಫೆಡೋರಾಗಳಲ್ಲಿ ಮೊದಲ ಬಳಕೆದಾರನಿಗೆ 1000, ಎರಡನೆಯವರಿಗೆ 1001. ನಿಮ್ಮ ಅಂಕಿ ‘ಐಡಿ’ ಎಂದು ಹೊಡೆದರೆ ಬರುತ್ತದೆ, ಫೈಲಿನದು ‘ಎಲ್‌ಎಸ್ -ಎಲ್‌ಎನ್’ ಎಂದಾಗ. ಹಳೆಯ ಯಂತ್ರದಲ್ಲಿ 1001 ಆಗಿದ್ದವರು ಹೊಸ ಯಂತ್ರದಲ್ಲಿ ಮೊದಲು ಖಾತೆ ತೆರೆದು 1000 ಆದರೆ ಅವರ ಹಳೆಯ ಡಿಸ್ಕಿನ ಫೈಲ್‌ಗಳು ಅವರಿಗೇ ತೆರೆಯದಿರಬಹುದು. 1001 ಈಗ ಯಾರಿಗೂ ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಬರೀ ಅಂಕಿ ಕಾಣುತ್ತದೆ. ಬೇರೊಬ್ಬರಿಗೆ ಸಿಕ್ಕಿದ್ದರೆ ಅವರ ಹೆಸರೇ ಕಾಣುತ್ತದೆ, ಗೊಂದಲ ಹೆಚ್ಚುವುದು ಆಗ. ಆ ಡಿಸ್ಕಿನ ನಿಮ್ಮ ಫೋಲ್ಡರ್‌ಗೆ ಮಾತ್ರ ಮಾಲೀಕತ್ವ ಬದಲಿಸಿ. ಹೊಸದಾಗಿ ಇನ್‌ಸ್ಟಾಲ್ ಮಾಡುವಾಗ ಹಳೆಯ ಕ್ರಮದಲ್ಲೇ ಖಾತೆ ತೆರೆದರೆ ಈ ಕೆಲಸವೇ ಬೀಳದು.

ಸುಡೊ ಬಿಟ್ಟುಹೋದ ಫೈಲ್‌ಗಳು

ಹೋಮ್ ಫೋಲ್ಡರ್‌ನೊಳಗೆ ರೂಟ್ ಮಾಲೀಕತ್ವದ ಫೈಲ್ ಹುಟ್ಟುವುದು ಸುಡೊದಿಂದ. ಪೆನ್‌ಡ್ರೈವ್‌ನಿಂದ ‘ಸುಡೊ ಸಿಪಿ’ ಮಾಡಿದ್ದು, ಬ್ಯಾಕಪ್ ಟಾರ್ ಫೈಲನ್ನು ಸುಡೊ ಹಾಕಿ ಬಿಚ್ಚಿದ್ದು, ಲಿಬ್ರೆ ಆಫೀಸನ್ನೇ ಸುಡೊದಿಂದ ತೆರೆದದ್ದು. ಉಬುಂಟುವಿನ ಹಳೆಯ ಆವೃತ್ತಿಗಳಲ್ಲಿ ಸುಡೊ ಬಳಸಿದರೂ ಹೋಮ್ ನಿಮ್ಮದೇ ಉಳಿಯುತ್ತಿತ್ತು. ಹಾಗಾಗಿ ಸುಡೊದಿಂದ ಒಂದೇ ಸಲ ತೆರೆದ ಪ್ರೋಗ್ರಾಂ ಕೂಡ ನಿಮ್ಮ ಸೆಟ್ಟಿಂಗ್ ಫೋಲ್ಡರ್‌ನಲ್ಲಿ ರೂಟ್ ಹೆಸರಿನಲ್ಲಿ ಬರೆದುಹೋಗುತ್ತಿತ್ತು.

ಲಕ್ಷಣಗಳು ಮೇಲುನೋಟಕ್ಕೆ ಅನುಮತಿಗೆ ಸಂಬಂಧವೇ ಇಲ್ಲದಂತಿರುತ್ತವೆ. ಗೋಡೆಚಿತ್ರ ಬದಲಿಸಿದರೆ ಮರುದಿನ ಹಳೆಯದೇ ಇರುತ್ತದೆ. ಕನ್ನಡ ಕೀಬೋರ್ಡ್ ಲೇಔಟ್ ಸೇರಿಸಿದ್ದು ಮತ್ತೆ ಲಾಗಿನ್ ಆದಾಗ ಮಾಯ. ಇವೆರಡಕ್ಕೂ .ಕಾನ್ಫಿಗ್ ಒಳಗಿನ ಡಿಕಾನ್ಫ್ ಫೋಲ್ಡರ್ (ಡೆಸ್ಕ್‌ಟಾಪ್ ಸೆಟ್ಟಿಂಗ್ ಇರುವ ಜಾಗ) ರೂಟ್‌ನದಾಗಿರುವುದು ಕಾರಣವಾಗಿರಬಹುದು. ಲಿಬ್ರೆ ಆಫೀಸ್ ‘ಯೂಸರ್ ಇನ್‌ಸ್ಟಲೇಷನ್ ಕುಡ್ ನಾಟ್ ಬಿ ಕಂಪ್ಲೀಟೆಡ್’ ಎಂದು ಹೇಳಿ ಮುಚ್ಚಿದರೆ .ಕಾನ್ಫಿಗ್/ಲಿಬ್ರೆಆಫೀಸ್ ನೋಡಿ. ಇನ್ನು /ರನ್/ಯೂಸರ್/1000 ಒಳಗಿನ ಡಿಕಾನ್ಫ್ ಬಗ್ಗೆ ದೂರು ಬಂದರೆ ಕಂಪ್ಯೂಟರ್ ಮರುಚಾಲನೆ ಮಾಡಿದರೆ ಸಾಕು. ಆ ಜಾಗ ಮೆಮೊರಿಯಲ್ಲಿರುವಂಥದ್ದು, ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ.

ಮೊದಲು ಪಟ್ಟಿ ತೆಗೆಯಿರಿ, ಏನನ್ನೂ ಬದಲಿಸಬೇಡಿ:

ಸುಡೊ ಫೈಂಡ್ /ಹೋಮ್/ಬಸವ -ಎಕ್ಸ್‌ಡೆವ್ ! -ಯೂಸರ್ ಬಸವ -ಎಲ್‌ಎಸ್

ಬಸವನದಲ್ಲದ ಎಲ್ಲವೂ ಇಲ್ಲಿ ಬರುತ್ತದೆ. -ಎಕ್ಸ್‌ಡೆವ್ ಹಾಕುವುದು ಒಳಗೆ ಜೋಡಿಸಿದ ಬೇರೆ ಡಿಸ್ಕಿಗೆ ಹುಡುಕಾಟ ದಾಟದಿರಲಿ ಎಂದು. ಪಟ್ಟಿಯಲ್ಲಿ 100000ಕ್ಕಿಂತ ದೊಡ್ಡ ಅಂಕಿಗಳು .ಲೋಕಲ್/ಶೇರ್/ಕಂಟೇನರ್ಸ್ ಕೆಳಗೆ ಕಂಡರೆ ಮುಟ್ಟಬೇಡಿ. ಅವು ಪಾಡ್‌ಮನ್ (ಕಂಟೇನರ್ ಓಡಿಸುವ ಪ್ರೋಗ್ರಾಂ) ತನ್ನ ಲೆಕ್ಕಕ್ಕೆ ಇಟ್ಟುಕೊಂಡವು. ರೂಟ್‌ನವು ಮಾತ್ರ ತಪ್ಪಿ ಬಂದವೆಂದು ಖಾತ್ರಿಯಾದ ಮೇಲೆ:

ಸುಡೊ ಫೈಂಡ್ /ಹೋಮ್/ಬಸವ -ಎಕ್ಸ್‌ಡೆವ್ -ಯೂಸರ್ ರೂಟ್ -ಎಕ್ಸೆಕ್ ಸಿಎಚ್‌ಓನ್ -ಎಚ್ ಬಸವ: {} +

ಹೆಸರಿನ ಮುಂದಿನ ವಿಸರ್ಗದಂಥ ಚಿಹ್ನೆ ಬಿಡಬೇಡಿ, ಗುಂಪನ್ನೂ ಬಸವನ ಮೂಲ ಗುಂಪಿಗೆ ತರುವುದು ಅದೇ. -ಎಚ್ ಇದ್ದರೆ ಕೊಂಡಿ ಫೈಲ್‌ಗಳ ಮಾಲೀಕತ್ವವಷ್ಟೇ ಬದಲಾಗುತ್ತದೆ, ಕೊಂಡಿ ತೋರಿಸುವ ಗುರಿಯದಲ್ಲ.

ಇಲ್ಲಿ ಕೈ ತಪ್ಪುವ ಜಾಗ ಮೂರು. ಒಂದು, ಓರೆಗೆರೆಯ ನಂತರ ಖಾಲಿ ಜಾಗ ಬಿಡುವುದು. ‘/ ಹೋಮ್/ಬಸವ’ ಎಂದಾದರೆ ಸಿಎಚ್‌ಓನ್ ಇಡೀ ಸಿಸ್ಟಮ್ಮನ್ನೇ ಹಿಡಿಯುತ್ತದೆ. ಬೇರನ್ನೇ ಅಳಿಸದಂತೆ ಆರ್‌ಎಂ ಆಜ್ಞೆಗೆ ಇರುವ ತಡೆ ಸಿಎಚ್‌ಓನ್‌ಗೆ ತಾನಾಗಿ ಇಲ್ಲ. ಎರಡು, ಅಡಗಿದ ಫೈಲ್‌ಗಳಿಗೆಂದು ‘.*’ ಬಳಸುವುದು. ಬ್ಯಾಶ್ (ಟರ್ಮಿನಲ್‌ನಲ್ಲಿ ಆಜ್ಞೆ ಓದುವ ಷೆಲ್) 5.2ಕ್ಕಿಂತ ಹಳೆಯದರಲ್ಲಿ ಅದು ‘..’ ಅನ್ನೂ ಹಿಡಿದು ಒಂದು ಮೆಟ್ಟಿಲು ಮೇಲಕ್ಕೆ, ಎಲ್ಲರ ಹೋಮ್‌ಗೂ ಏರುತ್ತದೆ. ಮೂರು, ‘ಸುಡೊ -ಐ’ ಮಾಡಿ ರೂಟ್ ಆದಮೇಲೆ ಅಲೆಗೀಟು (~) ಬಳಸುವುದು. ಆಗ ಆ ಚಿಹ್ನೆ ನಿಮ್ಮ ಹೋಮ್ ಅಲ್ಲ, ರೂಟ್‌ನ ಹೋಮ್. ಅದಕ್ಕೇ ಮೇಲೆ ಪೂರ್ತಿ ವಿಳಾಸ ಬರೆದಿದೆ.

ಲಾಗಿನ್ ಪರದೆಗೆ ಮರಳಿ ಬರುವುದು

ಪಾಸ್‌ವರ್ಡ್ ತಪ್ಪಿದ್ದರೆ ಹಾಗೆಂದು ಹೇಳುತ್ತದೆ. ಏನೂ ಹೇಳದೆ ಪರದೆ ಒಮ್ಮೆ ಕಪ್ಪಾಗಿ ಮರಳಿದರೆ ಪಾಸ್‌ವರ್ಡ್ ಒಪ್ಪಿಗೆಯಾಗಿದೆ, ಡೆಸ್ಕ್‌ಟಾಪ್ ಶುರುವಾಗಲು ಆಗುತ್ತಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಅಕ್ಷರದ ಪರದೆಗೆ ಹೋಗಿ ಅಲ್ಲಿ ಲಾಗಿನ್ ಆಗಿ.

ಮೊದಲು ಡಿಎಫ್ -ಎಚ್, ಡಿಸ್ಕ್ ತುಂಬಿದ್ದರೂ ಇದೇ ಲಕ್ಷಣ. ಆಮೇಲೆ ‘ಎಲ್‌ಎಸ್ -ಎಲ್‌ಡಿ /ಹೋಮ್/ಬಸವ’. ಮಾಲೀಕ ಬಸವನೇ ಇರಬೇಕು. ನಂತರ ‘ಎಲ್‌ಎಸ್ -ಎಲ್‌ಎ’ ಮಾಡಿ .ಎಕ್ಸ್‌ಅಥಾರಿಟಿ (ಇದರಲ್ಲಿ ಎಕ್ಸ್ ದೊಡ್ಡಕ್ಷರ) ಮತ್ತು .ಐಸಿಇಅಥಾರಿಟಿ (ಇದರಲ್ಲಿ ಐ, ಸಿ, ಇ ಮೂರೂ ದೊಡ್ಡಕ್ಷರ) ಯಾರ ಹೆಸರಲ್ಲಿವೆ ನೋಡಿ. ರೂಟ್ ಎಂದಿದ್ದರೆ ಸುಡೊ ಸಿಎಚ್‌ಓನ್‌ನಿಂದ ನಿಮ್ಮ ಹೆಸರಿಗೆ ತನ್ನಿ. ಗ್ನೋಮ್ ಡೆಸ್ಕ್‌ಟಾಪ್‌ನ ವೇಲ್ಯಾಂಡ್ (ಎಕ್ಸ್ ಬದಲಿಗೆ ಬಂದ ಪರದೆ ವ್ಯವಸ್ಥೆ) ಸೆಷನ್ ಇದ್ದರೆ ಈ ಎಕ್ಸ್ ಫೈಲ್ ಕಾರಣವಾಗದು. ಆಗ .ಕಾನ್ಫಿಗ್, .ಕ್ಯಾಶ್, .ಲೋಕಲ್ ಮೂರನ್ನೂ ನೋಡಿ. ಕೊನೆಗೆ /ಟಿಎಂಪಿ. ಅದರ ಅನುಮತಿ 1777 ಇರಲೇಬೇಕು, ಸಾಲಿನ ಕೊನೆಯಲ್ಲಿ ಟಿ ಕಾಣಬೇಕು. ಇಲ್ಲದಿದ್ದರೆ ‘ಸುಡೊ ಸಿಎಚ್‌ಮಾಡ್ 1777 /ಟಿಎಂಪಿ’. ಮುಂದಿನ ಆ 1 ಇದ್ದರೆ ಎಲ್ಲರೂ ಬರೆಯಬಹುದಾದ ಫೋಲ್ಡರ್‌ನಲ್ಲೂ ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸಲಾರರು.

ಕನ್ನಡದಲ್ಲಿ ಫೋಲ್ಡರ್ ಹೆಸರು ಇಟ್ಟವರಿಗೆ ಈ ಅಕ್ಷರದ ಪರದೆಯಲ್ಲಿ ಒಂದು ತೊಡಕಿದೆ: ಅಲ್ಲಿ ಕನ್ನಡ ಮೂಡುವುದಿಲ್ಲ, ಚೌಕಗಳು ಕಾಣುತ್ತವೆ, ಟೈಪ್ ಮಾಡಲೂ ಆಗದು. ‘ಎಲ್‌ಎಸ್ -ಎಲ್‌ಐ’ ಹೊಡೆದರೆ ಪ್ರತಿ ಸಾಲಿನ ಮೊದಲಿಗೆ ಐನೋಡ್ ಅಂಕಿ ಬರುತ್ತದೆ. ಅದು 393542 ಆಗಿದ್ದರೆ, ಅದೇ ಫೋಲ್ಡರ್‌ನಲ್ಲಿ ನಿಂತು ‘ಸುಡೊ ಫೈಂಡ್ . -ಐನಂ 393542 -ಎಕ್ಸೆಕ್ ಸಿಎಚ್‌ಓನ್ ಬಸವ: {} +’ ಎಂದರೆ ಹೆಸರು ಹೊಡೆಯದೆಯೇ ಕೆಲಸ ಆಗುತ್ತದೆ.

ಪೆನ್‌ಡ್ರೈವ್, ವಿಂಡೋಸ್ ಡಿಸ್ಕ್, ಕರೆಂಟ್ ಹೋದದ್ದು

ಗಿರಾಕಿ ತರುವ ಪೆನ್‌ಡ್ರೈವ್ ಸಾಮಾನ್ಯವಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್. ಅವುಗಳಲ್ಲಿ ಲಿನಕ್ಸ್ ಮಾಲೀಕತ್ವ ಬರೆದಿಡಲು ಜಾಗವೇ ಇಲ್ಲ. ಜೋಡಿಸುವಾಗ ಯಾರು ಲಾಗಿನ್ ಆಗಿದ್ದಾರೋ ಅವರನ್ನೇ ಎಲ್ಲದರ ಮಾಲೀಕರೆಂದು ತೋರಿಸಲಾಗುತ್ತದೆ. ಅಲ್ಲಿ ಸಿಎಚ್‌ಓನ್ ಮಾಡಿದರೆ ‘ಆಪರೇಷನ್ ನಾಟ್ ಪರ್ಮಿಟೆಡ್’ ಬರುವುದು ಸಹಜ, ಸುಡೊ ಹಾಕಿದರೂ ಅಷ್ಟೆ. ಪೆನ್‌ಡ್ರೈವ್‌ನಲ್ಲಿರುವ ಸ್ಕ್ರಿಪ್ಟ್ ಓಡದಿದ್ದರೆ ಹೋಮ್‌ಗೆ ನಕಲು ಮಾಡಿಕೊಂಡು ‘ಸಿಎಚ್‌ಮಾಡ್ ಯು+ಎಕ್ಸ್’ ಮಾಡಿ ಓಡಿಸಿ.

ಪೆನ್‌ಡ್ರೈವ್ ಫೈಲ್ ಮ್ಯಾನೇಜರ್‌ನಲ್ಲಿ ತೆರೆಯುತ್ತದೆ, ಲಿಬ್ರೆ ಆಫೀಸ್‌ಗೆ ಮಾತ್ರ ಕಾಣದು ಎಂದರೆ ಆ ಲಿಬ್ರೆ ಆಫೀಸ್ ಸ್ನ್ಯಾಪ್ (ಉಬುಂಟುವಿನ ಪ್ರತ್ಯೇಕ ಪ್ಯಾಕೇಜ್ ಬಗೆ) ಆಗಿರಬಹುದು. ಸ್ನ್ಯಾಪ್‌ಗೆ ತನ್ನದೇ ಬೇಲಿಯಿದೆ. ‘ಸುಡೊ ಸ್ನ್ಯಾಪ್ ಕನೆಕ್ಟ್ ಲಿಬ್ರೆಆಫೀಸ್:ರಿಮೂವಬಲ್-ಮೀಡಿಯಾ’ ಎಂದು ಗೇಟು ತೆರೆಯಬೇಕು. ಹೋಮ್‌ನೊಳಗೆ ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರ್‌ಗಳನ್ನೂ ಸ್ನ್ಯಾಪ್ ಮುಟ್ಟಲಾರದು.

ವಿಂಡೋಸ್ ಜೊತೆಗಿರುವ ಯಂತ್ರದಲ್ಲಿ ಡಿ ಡ್ರೈವ್ ಓದಲಿಕ್ಕೆ ಮಾತ್ರ ತೆರೆದರೆ, ವಿಂಡೋಸ್ ಪೂರ್ತಿ ಮುಚ್ಚಿಲ್ಲ. ಅದರ ಫಾಸ್ಟ್ ಸ್ಟಾರ್ಟಪ್ ಅರೆನಿದ್ರೆಯಲ್ಲಿ ಡಿಸ್ಕನ್ನು ಹಿಡಿದಿಟ್ಟಿರುತ್ತದೆ. ವಿಂಡೋಸ್‌ಗೆ ಹೋಗಿ ಶಿಫ್ಟ್ ಒತ್ತಿಹಿಡಿದು ಷಟ್‌ಡೌನ್ ಮಾಡಿ. ಖಾಯಂ ಪರಿಹಾರಕ್ಕೆ ಅಲ್ಲಿ ಅಡ್ಮಿನ್ ಆಗಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಓಡಿಸಿ. ಲಿನಕ್ಸ್ ಕಡೆಯಿಂದ ಬಲವಂತವಾಗಿ ಬರೆಯಲು ತೆರೆದರೆ ವಿಂಡೋಸ್ ಕಡೆಯ ದಾಖಲೆ ಕೆಡುವ ಅಪಾಯವಿದೆ.

ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗ, ಯುಪಿಎಸ್ ಇಲ್ಲದ ಕಡೆ ಆಗುವ ತೊಂದರೆ ಬೇರೆ. ಈಎಕ್ಸ್‌ಟಿ4 ಡಿಸ್ಕಿನಲ್ಲಿ ತಪ್ಪು ಕಂಡರೆ, ಇನ್ನಷ್ಟು ಕೆಡದಿರಲೆಂದು ಕರ್ನಲ್ ಅದನ್ನು ಓದುವಿಕೆಗಷ್ಟೇ ಇಳಿಸಬಹುದು. ‘ಫೈಂಡ್‌ಎಂಎನ್‌ಟಿ -ಟಿ /ಹೋಮ್/ಬಸವ’ (ಟಿ ದೊಡ್ಡಕ್ಷರ) ಎಂದಾಗ ಆಯ್ಕೆಗಳ ಮೊದಲಿಗೆ ಆರ್‌ಒ ಇದ್ದರೆ ಇದೇ. ‘ಸುಡೊ ಜರ್ನಲ್‌ಸಿಟಿಎಲ್ -ಕೆ’ಯಲ್ಲಿ ಕಾರಣ ಇರುತ್ತದೆ. ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಆ ಪಾರ್ಟಿಷನ್ ಜೋಡಿಸದೆ ‘ಸುಡೊ ಎಫ್‌ಎಸ್‌ಸಿಕೆ -ಎಫ್’ ಮುಂದೆ ಅದರ ಹೆಸರು ಹಾಕಿ ಓಡಿಸಿ. ಜೋಡಿಸಿದ ಡಿಸ್ಕಿನ ಮೇಲೆ ಓಡಿಸಿದರೆ ಇದ್ದ ದತ್ತಾಂಶವೂ ಹೋಗಬಹುದು. ಜರ್ನಲ್‌ನಲ್ಲಿ ‘ಐ/ಒ ಎರರ್’ ಸಾಲುಗಳಿದ್ದರೆ ಎಫ್‌ಎಸ್‌ಸಿಕೆಗೂ ಮೊದಲು ಫೈಲ್‌ಗಳನ್ನು ಬೇರೆ ಡಿಸ್ಕಿಗೆ ಸಾಗಿಸಿ, ಕೆಟ್ಟಿರುವುದು ಡಿಸ್ಕ್ ಅಥವಾ ಅದರ ಕೇಬಲ್.

ಕರೆಂಟ್ ಹೋದ ಮೇಲೆ ಒಂದೇ ಒಂದು ದಾಖಲೆ ಮಾತ್ರ ‘ರೀಡ್-ಓನ್ಲಿ’ ಎಂದು ತೆರೆದರೆ ಅದರ ಪಕ್ಕದಲ್ಲೇ ‘.~ಲಾಕ್.’ ಎಂದು ಶುರುವಾಗುವ ಅಡಗಿದ ಫೈಲ್ ಉಳಿದಿರುತ್ತದೆ. ಬೇರೆ ಯಾರೂ ಆ ದಾಖಲೆ ತೆರೆದಿಲ್ಲವೆಂದು ನೋಡಿಕೊಂಡು ಆ ಲಾಕ್ ಫೈಲ್ ಅಳಿಸಿ.

ಇಬ್ಬರು ಮೂವರು ಸೇರಿ ಬಳಸುವ ಫೋಲ್ಡರ್

ಲಗ್ನದ ಹಂಗಾಮಿನಲ್ಲಿ ಒಬ್ಬರು ಪತ್ರಿಕೆ ಟೈಪ್ ಮಾಡುತ್ತಾರೆ, ಇನ್ನೊಬ್ಬರು ತಿದ್ದುತ್ತಾರೆ. ಬೆಳಗಿನವರು ಸೇವ್ ಮಾಡಿದ್ದನ್ನು ಸಂಜೆಯವರು ತಿದ್ದಲಾಗುತ್ತಿಲ್ಲ ಎಂದು ದಿನಾ ಸಿಎಚ್‌ಮಾಡ್ ಹೊಡೆಯುವುದು ಕಂಡಲ್ಲೆಲ್ಲ ಇದೆ. ಒಂದು ಸಲ ಸರಿಯಾಗಿ ಕಟ್ಟಿದರೆ ಮತ್ತೆ ಮುಟ್ಟಬೇಕಿಲ್ಲ.

ಸುಡೊ ಗ್ರೂಪ್‌ಆಡ್ ಡಿಟಿಪಿ
ಸುಡೊ ಯೂಸರ್‌ಮಾಡ್ -ಎಜಿ ಡಿಟಿಪಿ ಬಸವ
ಸುಡೊ ಎಂಕೆಡಿಐಆರ್ /ಎಸ್‌ಆರ್‌ವಿ/ಡಿಟಿಪಿ
ಸುಡೊ ಸಿಎಚ್‌ಜಿಆರ್‌ಪಿ ಡಿಟಿಪಿ /ಎಸ್‌ಆರ್‌ವಿ/ಡಿಟಿಪಿ
ಸುಡೊ ಸಿಎಚ್‌ಮಾಡ್ 2770 /ಎಸ್‌ಆರ್‌ವಿ/ಡಿಟಿಪಿ

ಎರಡನೆಯ ಸಾಲನ್ನು ಪ್ರತಿಯೊಬ್ಬ ಬಳಕೆದಾರರಿಗೂ ಹೊಡೆಯಬೇಕು. ಅದರಲ್ಲಿ ಜಿ ದೊಡ್ಡಕ್ಷರ, ಎ ಸಣ್ಣದು. ಆ ಎ ಮರೆತರೆ ಬಸವ ಉಳಿದೆಲ್ಲ ಹೆಚ್ಚುವರಿ ಗುಂಪುಗಳಿಂದ ಹೊರಬೀಳುತ್ತಾನೆ, ಸುಡೊ ಗುಂಪಿನಿಂದಲೂ. ಯಂತ್ರದಲ್ಲಿ ಆಡಳಿತದ ಹಕ್ಕು ಅವನೊಬ್ಬನಿಗೇ ಇದ್ದರೆ ರಿಕವರಿ ಮೋಡ್‌ಗೆ ಹೋಗದೆ ದಾರಿಯಿಲ್ಲ. ಹೊಸ ಗುಂಪು ಜಾರಿಗೆ ಬರುವುದು ಲಾಗ್‌ಔಟ್ ಆಗಿ ಮರಳಿ ಲಾಗಿನ್ ಆದಮೇಲೆ. ‘ಗುಂಪಿಗೆ ಸೇರಿಸಿದ್ರೂ ಆಗವಲ್ದು’ ಎಂದಾಗ ಮೊದಲು ಐಡಿ ಹೊಡೆದು ಗುಂಪಿನ ಹೆಸರು ಬಂದಿದೆಯೇ ನೋಡಿ.

2770ರ ಆ 2 ಇದ್ದರೆ ಒಳಗೆ ಹುಟ್ಟುವ ಪ್ರತಿ ಫೈಲೂ ಡಿಟಿಪಿ ಗುಂಪಿಗೇ ಸೇರುತ್ತದೆ. ಆದರೆ ಗುಂಪು ಸರಿಯಾದರೆ ಸಾಲದು, ಬರೆಯುವ ಅನುಮತಿಯೂ ಗುಂಪಿಗೆ ಬೇಕು. ಹೊಸ ಫೈಲ್ 644ರಲ್ಲಿ ಹುಟ್ಟಿದರೆ ಗುಂಪಿಗೆ ಓದು ಮಾತ್ರ. ಇದಕ್ಕೆ ಎಸಿಎಲ್ (ಆ ಒಂಬತ್ತು ಅಕ್ಷರಗಳ ಮೇಲೆ ಕೊಡುವ ಹೆಚ್ಚುವರಿ ಅನುಮತಿ ಪಟ್ಟಿ) ಬೇಕು:

ಸುಡೊ ಸೆಟ್‌ಎಫ್‌ಎಸಿಎಲ್ -ಡಿ -ಎಂ ಜಿ:ಡಿಟಿಪಿ:ಆರ್‌ಡಬ್ಲ್ಯುಎಕ್ಸ್ /ಎಸ್‌ಆರ್‌ವಿ/ಡಿಟಿಪಿ

ಇನ್ನು ಮುಂದೆ ಹುಟ್ಟುವುದಕ್ಕೆಲ್ಲ ಗುಂಪಿನ ಬರವಣಿಗೆ ತಾನಾಗಿ ಸಿಗುತ್ತದೆ. ಎಲ್‌ಎಸ್ ಸಾಲಿನಲ್ಲಿ ಅನುಮತಿಯ ಕೊನೆಗೆ ಕೂಡುವ ಚಿಹ್ನೆ ಕಂಡರೆ ಎಸಿಎಲ್ ಇದೆ ಎಂದರ್ಥ, ‘ಗೆಟ್‌ಎಫ್‌ಎಸಿಎಲ್’ ಅದನ್ನು ಬಿಡಿಸಿ ತೋರಿಸುತ್ತದೆ. ಅಲ್ಲಿ ‘ಎಫೆಕ್ಟಿವ್’ ಎಂಬ ಟಿಪ್ಪಣಿಯಲ್ಲಿ ಆರ್ ಮಾತ್ರ ಇದ್ದರೆ ಯಾರೋ ಆ ಫೈಲಿಗೆ ಸಿಎಚ್‌ಮಾಡ್ ಮಾಡಿ ಮಾಸ್ಕ್ (ಎಸಿಎಲ್ ಕೊಡಬಹುದಾದ ಅನುಮತಿಯ ಮೇಲ್ಮಿತಿ) ಕುಗ್ಗಿಸಿರಬಹುದು. ಎಸಿಎಲ್ ಇದ್ದ ಫೈಲಿನಲ್ಲಿ ಸಿಎಚ್‌ಮಾಡ್‌ನ ನಡುವಿನ ಅಂಕಿ ಮಾಸ್ಕನ್ನೇ ಬದಲಿಸುತ್ತದೆ.

ಇಷ್ಟಾದರೂ ಕೆಲವು ಫೈಲ್ ಮಾತ್ರ ತಿದ್ದಲಾಗದಿದ್ದರೆ ಅವನ್ನು ಹೋಮ್‌ನಿಂದ ‘ಕಟ್’ ಮಾಡಿ ‘ಪೇಸ್ಟ್’ ಮಾಡಿರುತ್ತಾರೆ. ಒಂದೇ ಡಿಸ್ಕಿನೊಳಗೆ ಸರಿಸಿದ ಫೈಲ್ ಹಳೆಯ ಗುಂಪು, ಹಳೆಯ ಅನುಮತಿಯನ್ನೇ ಹೊತ್ತು ಬರುತ್ತದೆ. ನಕಲು ಮಾಡಿದ್ದಾದರೆ ಹೊಸ ಗುಂಪಿನದಾಗಿ ಹುಟ್ಟುತ್ತದೆ. ಹಂಚಿಕೆ ಫೋಲ್ಡರ್‌ಗೆ ಯಾವಾಗಲೂ ‘ಕಾಪಿ’ ಮಾಡಿ, ಆಮೇಲೆ ಹಳೆಯದನ್ನು ಅಳಿಸಿ.

ಕನ್ನಡ ಫಾಂಟ್‌ಗಳಲ್ಲೂ ಇದೇ ಜಾತಿಯ ದೋಷ ಕಾಣುತ್ತದೆ. ಎಲ್ಲರಿಗೂ ಸಿಗಲೆಂದು /ಯುಎಸ್‌ಆರ್/ಲೋಕಲ್/ಶೇರ್/ಫಾಂಟ್ಸ್ ಒಳಗೆ ಸುಡೊದಿಂದ ಹಾಕಿದ ಫಾಂಟ್ ಯಾರ ಪಟ್ಟಿಯಲ್ಲೂ ಬಾರದಿದ್ದರೆ ಅದರ ಅನುಮತಿ 600 ಇರಬಹುದು. ಇಲ್ಲಿ ಮಾಲೀಕ ರೂಟ್ ಇರುವುದೇ ಸರಿ, ಬದಲಿಸಬೇಡಿ. ಫೋಲ್ಡರ್‌ಗೆ 755, ಫಾಂಟ್‌ಗೆ 644 ಕೊಟ್ಟು ‘ಎಫ್‌ಸಿ-ಕ್ಯಾಶ್ -ಎಫ್’ ಓಡಿಸಿ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಆರ್ಡುಯಿನೊ /ಡೆವ್/ಟಿಟಿವೈಯುಎಸ್‌ಬಿ0 (ಇದರಲ್ಲಿ ಯು, ಎಸ್, ಬಿ ಮೂರೂ ದೊಡ್ಡಕ್ಷರ) ತೆರೆಯದಿದ್ದರೆ ಆ ಸಾಧನಕ್ಕೆ ಸಿಎಚ್‌ಮಾಡ್ ಬೇಡ, ಕೇಬಲ್ ಕಿತ್ತು ಹಾಕಿದರೆ ಅದು ಹೋಗುತ್ತದೆ. ಉಬುಂಟು, ಡೆಬಿಯನ್‌ನಲ್ಲಿ ಬಳಕೆದಾರನನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ.

777 ಆಗಲೇ ಹೊಡೆದಾಗಿದ್ದರೆ

ಹೋಮ್ ಮೇಲೆ -ಆರ್ (ದೊಡ್ಡಕ್ಷರ, ಒಳಗಿನದಕ್ಕೆಲ್ಲ ಎಂದರ್ಥ) ಸಮೇತ 777 ಹೊಡೆದಿದ್ದರೆ ಎಲ್ಲ ಫೈಲಿಗೂ ಎಕ್ಸ್ ಬಂದಿದೆ. ಫೋಲ್ಡರ್‌ಗಷ್ಟೇ ಎಕ್ಸ್ ಕೊಡಲು ಸಿಎಚ್‌ಮಾಡ್‌ನಲ್ಲಿ ದೊಡ್ಡಕ್ಷರದ ಎಕ್ಸ್ ಬಳಸುವ ಉಪಾಯ ಈಗ ನಡೆಯದು, ಏಕೆಂದರೆ ಅದು ಆಗಲೇ ಎಕ್ಸ್ ಇದ್ದ ಫೈಲಿಗೆ ಎಕ್ಸನ್ನು ಉಳಿಸುತ್ತದೆ. ಫೋಲ್ಡರ್ ಮತ್ತು ಫೈಲ್ ಬೇರೆಬೇರೆ ಮಾಡಬೇಕು:

ಫೈಂಡ್ /ಹೋಮ್/ಬಸವ -ಎಕ್ಸ್‌ಡೆವ್ -ಟೈಪ್ ಡಿ -ಎಕ್ಸೆಕ್ ಸಿಎಚ್‌ಮಾಡ್ 755 {} +
ಫೈಂಡ್ /ಹೋಮ್/ಬಸವ -ಎಕ್ಸ್‌ಡೆವ್ -ಟೈಪ್ ಎಫ್ -ಎಕ್ಸೆಕ್ ಸಿಎಚ್‌ಮಾಡ್ 644 {} +
ಸಿಎಚ್‌ಮಾಡ್ 750 /ಹೋಮ್/ಬಸವ

ಆಮೇಲೆ .ಎಸ್‌ಎಸ್‌ಎಚ್ ಫೋಲ್ಡರ್‌ಗೆ 700, ಅದರೊಳಗಿನ ಖಾಸಗಿ ಕೀಲಿಗೆ 600. ಇದಿಲ್ಲದೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗುವ ಪ್ರೋಗ್ರಾಂ) ಆ ಕೀಲಿಯನ್ನು ಮುಟ್ಟುವುದಿಲ್ಲ. .ಜಿಎನ್‌ಯುಪಿಜಿ ಇದ್ದರೆ ಅದಕ್ಕೂ 700. ನಿಮ್ಮ ಸ್ಕ್ರಿಪ್ಟ್‌ಗಳಿಗೆ ಒಂದೊಂದಾಗಿ ಯು+ಎಕ್ಸ್ ಕೊಡಿ.

ಮೂಲ ಸಿಸ್ಟಮ್ಮಿನ ಮೇಲೆಯೇ ಸಿಎಚ್‌ಓನ್ ಓಡಿದ್ದರೆ ಸುಡೊ ‘ಮಸ್ಟ್ ಬಿ ಓನ್ಡ್ ಬೈ ಯುಐಡಿ 0’ ಎಂದು ನಿಲ್ಲುತ್ತದೆ. ಮಾಲೀಕ ಬದಲಾದಾಗ ಸೆಟ್‌ಯುಐಡಿ (ಯಾರು ಓಡಿಸಿದರೂ ಮಾಲೀಕನ ಅಧಿಕಾರದಲ್ಲಿ ಓಡಲಿ ಎಂಬ) ಗುರುತೂ ಅಳಿಸಿಹೋಗಿರುತ್ತದೆ. ಆ ಕಿಟಕಿ ಮುಚ್ಚಬೇಡಿ, ಯಂತ್ರವನ್ನೂ ಆರಿಸಬೇಡಿ. ಬೇರೆ ಟರ್ಮಿನಲ್‌ನಲ್ಲಿ ರೂಟ್ ಷೆಲ್ ತೆರೆದೇ ಇದ್ದರೆ ಅಲ್ಲಿಂದ ‘ಸಿಎಚ್‌ಓನ್ ರೂಟ್:ರೂಟ್ /ಯುಎಸ್‌ಆರ್/ಬಿನ್/ಸುಡೊ’, ನಂತರ ‘ಸಿಎಚ್‌ಮಾಡ್ 4755 /ಯುಎಸ್‌ಆರ್/ಬಿನ್/ಸುಡೊ’. ಕ್ರಮ ತಿರುಗಿದರೆ ಗುರುತು ಮತ್ತೆ ಅಳಿಯುತ್ತದೆ. ಫೆಡೋರಾದಲ್ಲಿ ಪ್ರತಿ ಪ್ಯಾಕೇಜಿನ ಸರಿಯಾದ ಮಾಲೀಕತ್ವ, ಅನುಮತಿ ಆರ್‌ಪಿಎಂ ದಾಖಲೆಯಲ್ಲಿರುತ್ತದೆ: ಮೊದಲು ‘ಆರ್‌ಪಿಎಂ --ಸೆಟ್‌ಯುಜಿಐಡಿಎಸ್ -ಎ’, ನಂತರ ‘ಆರ್‌ಪಿಎಂ --ಸೆಟ್‌ಪರ್ಮ್ಸ್ -ಎ’, ಇಲ್ಲಿಯೂ ಕ್ರಮ ಇದೇ. ಉಬುಂಟು, ಡೆಬಿಯನ್‌ನಲ್ಲಿ ಅಂಥ ಒಂದೇ ಆಜ್ಞೆ ಇಲ್ಲ, ಪ್ಯಾಕೇಜ್‌ಗಳನ್ನು ‘ಎಪಿಟಿ ಇನ್‌ಸ್ಟಾಲ್ --ರೀಇನ್‌ಸ್ಟಾಲ್’ ಮಾಡುತ್ತ ಹೋಗಬೇಕು. /ಇಟಿಸಿ ಮತ್ತು /ವಿಎಆರ್ ಕೆಳಗಿನವು ಹಾಗೆ ಮಾಡಿದರೂ ಪೂರ್ತಿ ಸರಿಯಾಗುವುದಿಲ್ಲ. ಆದ್ದರಿಂದ ಅಲ್ಲಿ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹೋಮ್ ಫೋಲ್ಡರನ್ನು ಈಎಕ್ಸ್‌ಟಿ4 ಆಗಿರುವ ಹೊರಗಿನ ಡಿಸ್ಕಿಗೆ ‘ಸುಡೊ ಸಿಪಿ -ಎ’ ಮಾಡಿಕೊಂಡು, ಸಿಸ್ಟಮ್ಮನ್ನು ಹೊಸದಾಗಿ ಹಾಕಿ, ಹಳೆಯ ಕ್ರಮದಲ್ಲೇ ಖಾತೆಗಳನ್ನು ತೆರೆಯುವುದು ಬೇಗ ಮುಗಿಯುವ ದಾರಿ.